ಮುಳುಗಡೆಯ ಕಥೆಗಾರ ನಾ. ಡಿಸೋಜ

ಕನ್ನಡದ ಕಿಶೋರ ಸಾಹಿತ್ಯದ ಮಾತು ಬಂದಾಗ ನಾವು ಮೊದಲು ನೆನೆಯಬೇಕಾದ ಹೆಸರುಗಳಲ್ಲಿ ನಾ. ಡಿಸೋಜ ಅವರದೂ ಒಂದು. ಪೂರ್ಣ ಹೆಸರು ನಾರ್ಬರ್ಟ್ ಡಿಸೋಜ. ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ 1937ರ ಜೂನ್ 6ರಂದು ಜನಿಸಿದರು. ತಂದೆ ಶಾಲಾ ಶಿಕ್ಷಕರು, ಮನೆಮಾತು ಕೊಂಕಣಿ. ಬರೆದದ್ದು ಬಹುಪಾಲು ಕನ್ನಡದಲ್ಲಿ: ಕಾದಂಬರಿ, ಸಣ್ಣಕಥೆ, ನಾಟಕ, ಜೊತೆಗೆ ಎಳೆಯರಿಗಾಗಿ ಹಲವಾರು ಪುಸ್ತಕಗಳು.

ಜೀವನೋಪಾಯಕ್ಕೆ ಅವರು ಲೋಕೋಪಯೋಗಿ ಇಲಾಖೆಯ ನೌಕರಿ ಹಿಡಿದರು. ಶರಾವತಿ ಯೋಜನೆಯ ಕೆಲಸ ನಡೆಯುತ್ತಿದ್ದ ಕಾಲವದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ನಾಡಿಗೆ ವಿದ್ಯುತ್ತು ದೊರೆಯಿತು. ಸಾಗರ ಸೀಮೆಯ ಊರುಗಳು, ಅಡಿಕೆ ತೋಟಗಳು, ಗದ್ದೆಗಳು ನೀರಿನಡಿ ಸೇರಿದವು. ಅದಕ್ಕೂ ಮೊದಲು ಕಟ್ಟಿದ್ದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆಯೂ ಮುಳುಗಿತು. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷಗಳಲ್ಲಿ ಅದು ಮೇಲೆದ್ದು ಕಾಣುತ್ತದೆ, ನೋಡಲು ಜನ ಸೇರುತ್ತಾರೆ. ಊರು ಬಿಟ್ಟವರಲ್ಲಿ ಅನೇಕ ಕುಟುಂಬಗಳ ಭೂಮಿಯ ಹಕ್ಕಿನ ತಗಾದೆ ಆರು ದಶಕಗಳ ನಂತರವೂ ಬಗೆಹರಿದಿಲ್ಲ.

ಯೋಜನೆಯ ಪರವಾಗಿ ದುಡಿಯುತ್ತಲೇ ಅದರಿಂದ ಮನೆ ಕಳೆದುಕೊಂಡವರನ್ನು ದಿನವೂ ಕಾಣುವ ಇಕ್ಕಟ್ಟು ಅವರ ಬರಹದ ಮೂಲವೆಂದು ನಮ್ಮ ಎಣಿಕೆ. ‘ದ್ವೀಪ’ ಕಾದಂಬರಿಯಲ್ಲಿ ಏರುತ್ತಿರುವ ನೀರಿನ ನಡುವೆ ಒಂಟಿಯಾಗಿ ಉಳಿದ ಗಣಪಯ್ಯ ಮತ್ತು ನಾಗವೇಣಿಯರ ಸಂಸಾರವಿದೆ. ನೀರು ಹೊರಗಿನಿಂದ ಸುತ್ತುವರಿದಂತೆ ಸಂಶಯ ಒಳಗಿನಿಂದ ಸುತ್ತುವರಿಯುತ್ತದೆ. ಗಿರೀಶ್ ಕಾಸರವಳ್ಳಿಯವರು ಇದನ್ನು 2002ರಲ್ಲಿ ಚಿತ್ರವಾಗಿಸಿದರು. ಸೌಂದರ್ಯ ನಿರ್ಮಿಸಿ ನಟಿಸಿದ ಆ ಚಿತ್ರಕ್ಕೆ ಸ್ವರ್ಣಕಮಲ ಸಂದಿತು. ಸುಶೀಲಾ ಪುನೀತ ಅವರ ಇಂಗ್ಲಿಷ್ ಅನುವಾದವೂ ಇದೆ. ಸುರೇಶ್ ಹೆಬ್ಳೀಕರರು ತೆರೆಗೆ ತಂದ ‘ಕಾಡಿನ ಬೆಂಕಿ’ಯೂ ಇವರದೇ ಕಾದಂಬರಿ.

ಅದೇ ಮುಳುಗಡೆಯನ್ನು ಅವರು ಎಳೆಯ ಓದುಗರ ಮುಂದಿಟ್ಟದ್ದು ‘ಮುಳುಗಡೆಯ ಊರಿಗೆ ಬಂದವರು’ ಕಾದಂಬರಿಯಲ್ಲಿ. ಇದಕ್ಕೆ 2011ರ ಬಾಲಸಾಹಿತ್ಯ ಪುರಸ್ಕಾರ ದೊರೆಯಿತು. ಬ್ರಿಟನ್ನಿನಲ್ಲಿ ಎಳೆಯರ ಪುಸ್ತಕಗಳಿಗೆ ಕಾರ್ನೆಗಿ ಪದಕ 1936ರಿಂದಲೇ ಇದೆ. ನಮ್ಮ ಮಂಡಿ ಹೌಸ್ ಬಳಿಯ ಸಾಹಿತ್ಯ ಅಕಾಡೆಮಿ ಇಂಥದೊಂದನ್ನು ಆರಂಭಿಸಿದ್ದು 2010ರಲ್ಲಿ. ತಡವಾಯಿತೆಂದೇ ಹೇಳಬೇಕು. ಹದಿಹರೆಯದವರಿಗೆ ಕಷ್ಟದ ವಿಷಯ ಬೇಡವೆಂಬ ಹಿರಿಯರ ಅಂಜಿಕೆಯನ್ನು ಡಿಸೋಜರು ಒಪ್ಪಿದವರಲ್ಲ.

ವಸಂತ್ ಕುಂಜ್‌ನ ನಾವು ಈ ಲೇಖಕರನ್ನು ಓದಲು ಬೇರೊಂದು ಕಾರಣವೂ ಇದೆ. ನಮ್ಮ ಡಿ.ಡಿ.ಎ. ಫ್ಲ್ಯಾಟುಗಳು ನಿಂತಿರುವುದು ಮಸೂದ್‌ಪುರ, ಕಿಶನ್‌ಗಢ ಮೊದಲಾದ ಗ್ರಾಮಗಳ ಹೊಲಗಳಿದ್ದ ನೆಲದಲ್ಲಿ. ಇಲ್ಲಿ ನೀರು ಬರಲಿಲ್ಲ, ನಾವು ಬಂದೆವು. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ‘ಊರು’ ಎಂದರೆ ಬೇಸಿಗೆ ರಜೆಯ ಅಜ್ಜಿಮನೆ ಎಂದು ತಿಳಿದಿದ್ದಾರೆ. ಅನೇಕರಿಗೆ ಕನ್ನಡ ಮಾತನಾಡಲು ಬರುತ್ತದೆ, ಓದಲು ಬಾರದು. ಆದ್ದರಿಂದ ತಂದೆತಾಯಿಯರು ಗಟ್ಟಿಯಾಗಿ ಓದಿ ಹೇಳುವುದೊಂದೇ ಸದ್ಯಕ್ಕೆ ದಾರಿ. ಡಿಸೋಜರ ವಾಕ್ಯಗಳು ಸರಳವಾದ್ದರಿಂದ ಇದು ಕಷ್ಟವಾಗದು.

2014ರ ಜನವರಿಯಲ್ಲಿ ಮಡಿಕೇರಿಯಲ್ಲಿ ನಡೆದ 80ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾಗಿದ್ದರು. ದೊಡ್ಡ ನಗರವನ್ನು ಅರಸಿ ಹೋಗದೆ ಸಾಗರದಲ್ಲೇ ನೆಲೆಸಿದ್ದರು. 2025ರ ಜನವರಿ 5ರಂದು ಮಂಗಳೂರಿನಲ್ಲಿ, 87ರ ವಯಸ್ಸಿನಲ್ಲಿ ನಿಧನರಾದರು. ಹಿನ್ನೀರಿನಾಚೆಯ ಹಳ್ಳಿಗಳವರು ದಶಕಗಳ ಕಾಲ ಲಾಂಚಿಗೆ ಕಾಯುತ್ತಿದ್ದ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಸೇತುವೆ ತೆರೆದದ್ದು ಅದೇ ವರ್ಷದ ಜುಲೈ 14ರಂದು. ಅದನ್ನು ಕಾಣಲು ಅವರಿರಲಿಲ್ಲ.