ಹಿಂದೆ ಅಂದ್ರೆ ಎಷ್ಟು ಹಿಂದೆ, ಮೇಡಂ?

1823ರ ಆಗಸ್ಟಿನಲ್ಲಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ ಮದರಾಸಿಗೆ ಒಂದು ವರದಿ ಕಳಿಸಿದ. ಗವರ್ನರ್ ಥಾಮಸ್ ಮನ್ರೋ ಕೇಳಿದ್ದು ಶಾಲೆಗಳ ಲೆಕ್ಕ. ಜಿಲ್ಲೆಯಲ್ಲಿ 533 ಶಾಲೆ, 6,641 ಮಕ್ಕಳು ಎಂದು ಲೆಕ್ಕ ಒಪ್ಪಿಸಿದ ಕ್ಯಾಂಬೆಲ್, ಅಲ್ಲಿಗೇ ಬಿಡದೆ ಶಾಲೆಯೊಳಗೆ ಏನು ನಡೆಯುತ್ತದೆ ಎಂಬುದನ್ನೂ ಬರೆದ. ಐದು ತುಂಬಿದ ಹುಡುಗನ ಮನೆಗೆ ಐಗಳೂ, ಅಂದರೆ ಮೇಷ್ಟ್ರೂ, ಶಾಲೆಯ ಹುಡುಗರೂ ಬರುತ್ತಾರೆ. ಗಣಪತಿಯ ಸುತ್ತ ಕೂರುತ್ತಾರೆ. ಐಗಳು ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಬರೆಸುತ್ತಾರೆ, ಮನೆಯವರು ಕೈಲಾದ ಕಾಣಿಕೆ ಕೊಟ್ಟು ಕಳಿಸುತ್ತಾರೆ. ಮಗು ಶಾಲೆಯ ಹೊಸ್ತಿಲು ತುಳಿಯುವ ಮೊದಲೇ ಶಾಲೆ ಮಗುವಿನ ಮನೆಗೆ ಬಂದು ಹೋಗಿರುತ್ತಿತ್ತು.

ಇದನ್ನು ಓದಿ ಹಳೆಯ ಕಾಲವೇ ಚೆನ್ನಾಗಿತ್ತು ಎನ್ನಬೇಕಿಲ್ಲ. ಬೆಳಿಗ್ಗೆ ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ತಡವಾದಷ್ಟೂ ಏಟು ಏರುತ್ತಿತ್ತು ಎಂದು ಬರೆದವನೂ ಇದೇ ಕ್ಯಾಂಬೆಲ್. ಸೋಮಾರಿಗಳನ್ನು ಎರಡೂ ಕೈ ಕಟ್ಟಿ ಸೂರಿಗೆ ನೇತುಹಾಕುತ್ತಿದ್ದುದನ್ನೂ ಬಿಟ್ಟಿಲ್ಲ. ನಮ್ಮ ಅಜ್ಜಂದಿರು ‘ಕೋದಂಡ’ ಎನ್ನುತ್ತಿದ್ದುದು ಇದನ್ನೇ. ಅಷ್ಟೂ ಮಕ್ಕಳಲ್ಲಿ ಹೆಣ್ಣುಮಕ್ಕಳು 60. ಬಡವರ ಮಕ್ಕಳು ಕೈಕಾಲು ಬಲಿಯುತ್ತಲೇ ದುಡಿಮೆಗೆ ಬೀಳುತ್ತಿದ್ದರು.

ಕೂಲಿಮಠಗಳೆನ್ನುತ್ತಿದ್ದ ಆ ಶಾಲೆಗಳಲ್ಲಿ ಐಗಳಿಗೆ ಅನ್ನ ಹಾಕುತ್ತಿದ್ದವರು ಮಕ್ಕಳ ತಂದೆತಾಯಿಗಳೇ. ಸರ್ಕಾರಿ ಸಂಬಳ ಬಂದ ಮೇಲೆ ಮೇಷ್ಟ್ರು ಲೆಕ್ಕ ಒಪ್ಪಿಸಬೇಕಾದ್ದು ಇನ್‌ಸ್ಪೆಕ್ಟರಿಗೆ. ಮೈಸೂರು ಸಂಸ್ಥಾನದಲ್ಲಿ ವಿಶ್ವೇಶ್ವರಯ್ಯ ದಿವಾನರಾಗಿದ್ದಾಗ, 1913ರಲ್ಲಿ, ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂತು. ಆಯ್ದ ಊರುಗಳಲ್ಲಿ ಮಗುವನ್ನು ಶಾಲೆಗೆ ಕಳಿಸುವುದು ಪೋಷಕರ ಬಾಧ್ಯತೆಯಾಯಿತು. ಒಳ್ಳೆಯದೇ ಆಯಿತು, ಅನುಮಾನವಿಲ್ಲ. ಆದರೆ ಅಪ್ಪ ಅಮ್ಮ ಗೇಟಿನ ಹೊರಗೆ ಉಳಿದರು. ಸ್ವಾತಂತ್ರ್ಯ ಬಂದ ಮೇಲೂ ಅವರು ಒಳಗೆ ಬಂದದ್ದು ಸೇರಿಸಲು, ಆಗಸ್ಟ್ ಹದಿನೈದಕ್ಕೆ, ಕೊನೆಗೆ ಟಿ.ಸಿ. ಇಸಿದುಕೊಳ್ಳಲು. ಊರವರು ಜಾಗ ಕೊಟ್ಟರು, ಕೋಣೆ ಕಟ್ಟಿಸಿದರು. ಮಗುವನ್ನು ಮಾತ್ರ “ಕಣ್ಣೊಂದು ಬಿಟ್ಟು ಎಲ್ಲಾದರೂ ಹೊಡೀರಿ ಸಾ” ಎಂದು ಒಪ್ಪಿಸಿ ನಡೆದರು. ಆ ಮಾತಿನಲ್ಲಿ ನಂಬಿಕೆಯೂ ಇತ್ತು, ಕೈತೊಳೆದುಕೊಳ್ಳುವುದೂ ಇತ್ತು.

ಬೇರೆ ದಾರಿ ಹಿಡಿದವರೂ ಇದ್ದರು. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರ ತೆರೆದು, ಮಕ್ಕಳಿಗೆ ಕತೆ ಬರೆದಷ್ಟೇ ಆಸ್ಥೆಯಿಂದ ತಂದೆತಾಯಿಗಳಿಗಾಗಿಯೂ ಬರೆದರು. ನಮ್ಮಲ್ಲಿ ತಿರುವು ಬಂದದ್ದು ತೀರ ತಡವಾಗಿ. 1975ರ ಅಕ್ಟೋಬರ್ 2ರಂದು ತಿ. ನರಸೀಪುರದಲ್ಲಿ ರಾಜ್ಯದ ಮೊದಲ ಅಂಗನವಾಡಿಗಳು ಶುರುವಾದವು. ಟೀಚರ್ ಅದೇ ಊರಿನ ಹೆಣ್ಣುಮಗಳು, ತಾಯಂದಿರ ಸಭೆ ಅವಳ ಕೆಲಸದ ಭಾಗ. ಇಪ್ಪತ್ತು ವರ್ಷದ ಮೇಲೆ, 1995ರಲ್ಲಿ, ಅದೇ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ, ಕಾರ್ಡುಗಳ ಮೂಲಕ ಕಲಿಸುವ ‘ನಲಿ ಕಲಿ’ ಮೊಳೆಯಿತು. ಯುನಿಸೆಫ್‌ನ ನೆರವು, ರಿಷಿ ವ್ಯಾಲಿ ಶಾಲೆಯ ಮಾದರಿ ಎರಡೂ ಇದ್ದವು. ಕಾರ್ಡುಗಳನ್ನು ಕೂತು ತಯಾರಿಸಿದವರು ಮಾತ್ರ ಅಲ್ಲಿನ ಶಿಕ್ಷಕರೇ. ಮೇಷ್ಟ್ರು ಕುರ್ಚಿ ಬಿಟ್ಟು ನೆಲಕ್ಕೆ ಇಳಿದರು. ಮಗು ಯಾವ ಮೆಟ್ಟಿಲಲ್ಲಿದೆ ಎಂಬುದು ಗೋಡೆಯ ಮೇಲೇ ಕಾಣುವಂತಾಯಿತು. ಈ ಎರಡನೆಯದು ಬರಿಯ ಬೋಧನೆಯ ಮಾತಲ್ಲ, ಅಂಕಪಟ್ಟಿ ಓದಲು ಬಾರದ ತಾಯಿಗೂ ತೋರಿಸಬಹುದಾದ ಲೆಕ್ಕ ಅದು.

2001ರ ಏಪ್ರಿಲ್‌ನಲ್ಲಿ, ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ, ಎಸ್‌ಡಿಎಂಸಿ ಬಂತು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ ಪೋಷಕರೇ ಸದಸ್ಯರು, ಪೋಷಕರೇ ಅಧ್ಯಕ್ಷರು. ದೇಶದ ಶಿಕ್ಷಣ ಹಕ್ಕು ಕಾಯಿದೆ ಜಾರಿಯಾಗಲು ಇನ್ನೂ ಒಂಬತ್ತು ವರ್ಷವಿತ್ತು. ಅದು ಬಂದಾಗ ಶಾಲಾ ಸಮಿತಿಯ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕೆಂದಿತು. ಮಗುವನ್ನು ಹೊಡೆಯುವುದೂ ಹೀಯಾಳಿಸುವುದೂ ಕಾನೂನಿನಲ್ಲೇ ನಿಷಿದ್ಧವಾಯಿತು.

ಸಮಿತಿ ಮಾಡಿದರೆ ಮನೆಗೂ ಶಾಲೆಗೂ ಸಂಬಂಧ ಬೆಳೆಯುತ್ತದೆಯೇ? ಉತ್ತರ ಪ್ರದೇಶದ ಜೌನ್‌ಪುರದಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಜೊತೆಗಾರರು ‘ಪ್ರಥಮ್’ ಸಂಸ್ಥೆಯೊಡನೆ ಇದನ್ನು ಪರೀಕ್ಷಿಸಿ ನೋಡಿದರು. 2010ರಲ್ಲಿ ಅಚ್ಚಾದ ಆ ಅಧ್ಯಯನದ ಪ್ರಕಾರ ಊರಲ್ಲಿ ಶಿಕ್ಷಣ ಸಮಿತಿ ಇದೆಯೆಂಬುದೇ ಬಹುಪಾಲು ತಂದೆತಾಯಿಗಳಿಗೆ ಗೊತ್ತಿರಲಿಲ್ಲ. ಸಭೆ ಕರೆದು ಹಕ್ಕುಗಳನ್ನು ತಿಳಿಸಿದರೂ ಸರ್ಕಾರಿ ಶಾಲೆಯಲ್ಲಿ ಏನೂ ಅಲುಗಲಿಲ್ಲ. ಬದಲಾವಣೆ ಕಂಡದ್ದು, ಊರಿನ ಹುಡುಗ ಹುಡುಗಿಯರೇ ಸ್ವಯಂಸೇವಕರಾಗಿ ಓದಿಸಿದ ತರಗತಿಗಳಿಗೆ ಬಂದ ಮಕ್ಕಳಲ್ಲಿ. ಸಮಿತಿಯ ಕುರ್ಚಿಗೆ ಜನ ಬರಲಿಲ್ಲ. ಎದುರಿಗೆ ಒಂದು ಮಗು, ಕೈಯಲ್ಲೊಂದು ಕೆಲಸ ಇದ್ದಾಗ ಬಂದರು.

ನಮ್ಮ ಎಸ್‌ಡಿಎಂಸಿಯ ಕತೆಯೂ ಹೆಚ್ಚುಕಡಿಮೆ ಇದೇ. ಸುಣ್ಣಬಣ್ಣ, ಕಾಂಪೌಂಡು, ಶೌಚಾಲಯದ ಬೀಗ, ಇವೇ ನಡಾವಳಿ ಪುಸ್ತಕ ತುಂಬುತ್ತವೆ. ನಾನು ಮೂಲೆಯಲ್ಲಿ ಕೂತಿದ್ದ ಒಂದು ಪೋಷಕರ ಸಭೆ ನೆನಪಾಗುತ್ತದೆ. ಸೊಪ್ಪು ಮಾರುವ ಹೆಂಗಸೊಬ್ಬಳು, ಖಾಲಿ ಮಂಕರಿ ಕಂಬಕ್ಕೆ ಒರಗಿಸಿ, ಮಗಳ ವಿಷಯ ಕೇಳಿದಳು.

“ಚೆನ್ನಾಗಿದಾಳಮ್ಮ, ಲೆಕ್ಕದಲ್ಲಿ ಸ್ವಲ್ಪ ಹಿಂದೆ.”

“ಹಿಂದೆ ಅಂದ್ರೆ ಎಷ್ಟು ಹಿಂದೆ, ಮೇಡಂ?”

ಟೀಚರ್ ಒಂದು ಕ್ಷಣ ತಡವರಿಸಿದರು. ಆಮೇಲೆ ಹುಡುಗಿಯ ಪುಸ್ತಕ ತೆಗೆದು, ದಶಕ ಎರವಲು ತಂದು ಕಳೆಯುವ ಲೆಕ್ಕದಲ್ಲಿ ಎಡವುತ್ತಾಳೆ ಎಂದು ತೋರಿಸಿದರು. ಐವತ್ತರಲ್ಲಿ ಹದಿನೆಂಟು ಕಳೆ. ಹುಡುಗಿ ನಲವತ್ತೆಂಟು ಅಂತ ಬರೆದಿದ್ದಳು. ತಾಯಿ ನಕ್ಕುಬಿಟ್ಟಳು. “ಸಂತೇಲಿ ಐವತ್ತು ಕೊಟ್ಟೋರಿಗೆ ಹದಿನೆಂಟು ಹಿಡ್ಕಂಡು ಚಿಲ್ರೆ ಕೊಡೋದು ಇವಳೇ ಕಣಮ್ಮ!” ಟೀಚರ್ ಹುಡುಗಿಯ ಕಡೆ ತಿರುಗಿ, “ಹಾಗಾದ್ರೆ ನಾಳೆ ಇಲ್ಲೇ ಸಂತೆ ಮಾಡೋಣ” ಅಂದರು. ಆ ಹೊತ್ತಿನ ನಡಾವಳಿಯಲ್ಲಿ ಇದು ದಾಖಲಾಗಿರಲಾರದು.

ಈ ದೃಷ್ಟಿಯಿಂದ ನೋಡಿದರೆ, ಸಂಬಂಧಕ್ಕೆಂದೇ ಮಾಡದ ಯೋಜನೆಗಳು ಹೆಚ್ಚು ಸಂಬಂಧ ಕಟ್ಟಿವೆ. 2002ರಲ್ಲಿ ರಾಜ್ಯದ ಈಶಾನ್ಯದ ಏಳು ಜಿಲ್ಲೆಗಳಲ್ಲಿ, ಮರುವರ್ಷ ಉಳಿದೆಡೆ ಬಿಸಿಯೂಟದ ಅಕ್ಷರ ದಾಸೋಹ ಬಂದಾಗ ಊರ ತಾಯಂದಿರು ಸೌಟು ಹಿಡಿದು ದಿನವೂ ಶಾಲೆಯೊಳಗೆ ಬಂದರು. ಯಾವ ಮಗು ಊಟ ಬಿಟ್ಟಿತು, ಯಾರ ಮನೆಯಲ್ಲಿ ಜಗಳವಾಯಿತು ಎಂಬ ಸುದ್ದಿ ಮುಖ್ಯೋಪಾಧ್ಯಾಯರಿಗಿಂತ ಮೊದಲು ಅಡುಗೆ ಕೋಣೆಗೆ ತಿಳಿಯುತ್ತದೆ. 2020ರ ಕೊರೊನಾ ಕಾಲದಲ್ಲಿ ‘ವಿದ್ಯಾಗಮ’ದ ಹೆಸರಲ್ಲಿ ಶಿಕ್ಷಕರು ಗುಡಿಯ ಜಗಲಿ, ಅರಳಿಕಟ್ಟೆಗಳಲ್ಲಿ ಪಾಠ ಹೇಳಿದರು. ಸೋಂಕಿನ ಭಯಕ್ಕೆ ಅಕ್ಟೋಬರಿನಲ್ಲಿ ಅದು ನಿಂತಿತು. ಅಷ್ಟರಲ್ಲೇ ಎಷ್ಟೋ ಶಿಕ್ಷಕರು ತಮ್ಮ ಮಕ್ಕಳ ಮನೆ ಎಂಥದು, ಓದಲು ದೀಪ ಎಲ್ಲಿದೆ ಎಂದು ಮೊದಲ ಸಲ ಕಂಡಿದ್ದರು. ಕ್ಯಾಂಬೆಲ್ ವರ್ಣಿಸಿದ ಆ ಮನೆಭೇಟಿ ಸುಮಾರು ಇನ್ನೂರು ವರ್ಷದ ಮೇಲೆ ಮತ್ತೆ ನಡೆದಂತಾಯಿತು, ಈ ಸಲ ಕಾಣಿಕೆಯಿಲ್ಲದೆ, ಹೆಣ್ಣುಮಕ್ಕಳನ್ನು ಬಿಡದೆ.

ಈಗಿನ ಹೊಸ ಬಳಕೆ ವಾಟ್ಸಾಪ್ ಗುಂಪು. ಹೋಂವರ್ಕ್, ರಜೆಯ ಸುದ್ದಿ, ಶುಭೋದಯದ ಹೂವು. ಖಾಸಗಿ ಶಾಲೆಗಳಲ್ಲಿ ಅದು ಅರ್ಧ ದೂರಿನ ಪೆಟ್ಟಿಗೆ, ಅರ್ಧ ಫೀಸಿನ ಜ್ಞಾಪನ. ಅದರಲ್ಲಿ ಮಗು ಎಲ್ಲೂ ಮಾತಾಡುವುದಿಲ್ಲ.

ಶಿಕ್ಷಣ ಹಕ್ಕು ಕಾಯಿದೆಯ 24ನೇ ಕಲಮು ಶಿಕ್ಷಕರ ಕರ್ತವ್ಯಗಳನ್ನು ಹೇಳುತ್ತದೆ. ನಿಯಮಿತವಾಗಿ ಪೋಷಕರ ಸಭೆ ನಡೆಸಿ ಮಗುವಿನ ಹಾಜರಿ, ಕಲಿಯುವ ಶಕ್ತಿ, ಆಗಿರುವ ಪ್ರಗತಿಯನ್ನು ತಿಳಿಸಬೇಕೆಂಬುದು ಅದರಲ್ಲೊಂದು. ಕಟ್ಟಡದ ಮಾತು ಅಲ್ಲಿಲ್ಲ. ಮುಖ್ಯೋಪಾಧ್ಯಾಯರಲ್ಲಿ ಒಂದು ಕೋರಿಕೆ: ಸಭೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಕರೆಯಬೇಡಿ, ಆ ಹೊತ್ತಿಗೆ ಅವರು ಕೂಲಿಯಲ್ಲಿರುತ್ತಾರೆ. ಕೂಲಿ ಬಿಡುವ ಹೊತ್ತಿಗೆ ಕರೆಯಿರಿ, ಮಗುವನ್ನೂ ಪಕ್ಕದಲ್ಲೇ ಕೂರಿಸಿಕೊಳ್ಳಿ.