ಫ್ರೀ ಕಿಕ್ಕೂ ರೆಫರಿಯ ಸೀಟಿಯೂ

ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ 2023ನೆಯ ಇಸವಿ ಮಾರ್ಚ್ 3ರ ರಾತ್ರಿ ನಡೆದ ಕಾಲ್ಚೆಂಡಿನ ಪಂದ್ಯವನ್ನು ಶ್ರೋತೃಗಳಲ್ಲಿ ಹಲವರು ಬಲ್ಲರು. ಬೆಂಗಳೂರು ಎಫ್.ಸಿ. ಮತ್ತು ಕೇರಳ ಬ್ಲಾಸ್ಟರ್ಸ್ ತಂಡಗಳ ನಾಕೌಟ್ ಪಂದ್ಯವದು. ಸೋತವರಿಗೆ ಮುಂದಿನ ಸುತ್ತಿಲ್ಲ. ಗೋಲಿಲ್ಲದೆ ನಿಗದಿತ ಕಾಲ ಕಳೆದು, ಹೆಚ್ಚುವರಿ ಆಟದ 96ನೆಯ ನಿಮಿಷದಲ್ಲಿ ಬೆಂಗಳೂರಿಗೆ ಫ್ರೀ ಕಿಕ್ ದೊರೆಯಿತು. ಎದುರಾಳಿಗಳು ಇನ್ನೂ ಗೋಡೆ ಕಟ್ಟುತ್ತಿರುವಾಗಲೇ ಸುನಿಲ್ ಛೇತ್ರಿಯವರು ಸೀಟಿಗೆ ಕಾಯದೆ ಚೆಂಡನ್ನು ಗೋಲಿಗೆ ಸೇರಿಸಿದರು. ರೆಫರಿ ಕ್ರಿಸ್ಟಲ್ ಜಾನ್ ಅವರು ಗೋಲೆಂದು ತೀರ್ಪಿತ್ತರು. ಕೇರಳದ ತಂಡವು ಮೈದಾನವನ್ನೇ ತ್ಯಜಿಸಿತು.

ಸೀಟಿಯಿಲ್ಲದೆ ಒದೆಯಬಹುದೆ? ಇದಕ್ಕೆ ಉತ್ತರ ಬೇಕಾದರೆ ನಿಯಮವು ಹುಟ್ಟಿದ ಬಗೆಯನ್ನು ನೋಡಬೇಕು. 1863ರಲ್ಲಿ ಲಂಡನ್ನಿನಲ್ಲಿ ರಚಿತವಾದ ಮೊದಲ ನಿಯಮಾವಳಿಯಲ್ಲಿ ರೆಫರಿಯ ಹೆಸರೇ ಇಲ್ಲ. ತಪ್ಪಿಗೆ ಶಿಕ್ಷೆಯೂ ಇಲ್ಲ. ಚೆಂಡನ್ನು ಸರಿಯಾಗಿ ಕೈಯಲ್ಲಿ ಹಿಡಿದವನಿಗೆ ಫ್ರೀ ಕಿಕ್ ಬಹುಮಾನವಾಗಿತ್ತು. ಅದು ತಪ್ಪಿಗೆ ಪರಿಹಾರವಾದದ್ದು ಅನಂತರ. ಆಗಲೂ ಅದರಿಂದ ನೇರವಾಗಿ ಗೋಲು ಹೊಡೆಯುವಂತಿರಲಿಲ್ಲ. ಆ ಅನುಮತಿ ಬಂದದ್ದು 1903ರಲ್ಲಿ, ಅದೂ ಕೆಲವು ತಪ್ಪುಗಳಿಗೆ ಮಾತ್ರ. ನೇರ, ಪರೋಕ್ಷ ಎಂಬ ಭೇದದ ಮೂಲ ಇದೇ. ಎದುರಾಳಿಗಳು ಹತ್ತು ಗಜ ದೂರವಿರಬೇಕೆಂದು 1913ರಲ್ಲಿ ವಿಧಿಸಿದರು. ಅನ್ಯಾಯ ಮಾಡಿದವನೇ ಚೆಂಡಿನ ಮುಂದೆ ನಿಂತು ಪರಿಹಾರವನ್ನೂ ಕಸಿಯಬಾರದಷ್ಟೆ!

ಹೀಗಿರುವುದರಿಂದ ಆ ದೂರವು ಅನ್ಯಾಯಕ್ಕೊಳಗಾದವರ ಹಕ್ಕು, ಗೋಡೆ ಕಟ್ಟುವವರ ಹಕ್ಕಲ್ಲ. ಅದನ್ನು ಬಿಟ್ಟುಕೊಟ್ಟು ಕೂಡಲೇ ಒದೆಯಲು ಅವರು ಸ್ವತಂತ್ರರು. ಆದರೆ ರೆಫರಿಯು ದೂರವನ್ನು ಅಳೆಯತೊಡಗಿದರೆ, ಎಚ್ಚರಿಕೆಯ ಚೀಟಿ ತೋರಿಸಿದರೆ, ಗಾಯಗೊಂಡವನನ್ನು ಉಪಚರಿಸಲು ಆಟ ತಡೆದರೆ ಆಗ ಸೀಟಿ ಅವಶ್ಯ. ಕಂಠೀರವದ ವಿವಾದವೆಲ್ಲ ಈ ಒಂದು ಗೆರೆಯ ಮೇಲೆಯೇ ನಿಂತಿತ್ತು.

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ಹುಡುಗರ ಪಂದ್ಯಕ್ಕೆ ಸೀಟಿ ಹಿಡಿಯುವ ತರುಣನಿದ್ದರೆ, ಆತನು ಹದಿನೇಳು ನಿಯಮಗಳನ್ನು ಗಿಣಿಪಾಠ ಮಾಡುವುದಕ್ಕಿಂತ ಹೀಗೆ ನೆನಪಿಡುವುದು ಮೇಲೆಂದು ನನ್ನ ಎಣಿಕೆ. ಎದುರಾಳಿಯ ದೇಹದ ಮೇಲೆ ಎಸಗಿದ ತಪ್ಪು—ಒದೆ, ನೂಕು, ಹಿಡಿತ, ಕಾಲ್ತೊಡರು—ನೇರ. ಕೈಯಿಂದ ಚೆಂಡು ಮುಟ್ಟಿದ ತಪ್ಪೂ ಅದರ ಜೊತೆಗೆ. ಆಫ್‌ಸೈಡಾಗಲಿ ಮೈ ತಾಗದೆ ದಾರಿಗೆ ಅಡ್ಡಬರುವುದಾಗಲಿ ಪರೋಕ್ಷ. ಪರೋಕ್ಷವಾದರೆ ತೋಳು ಮೇಲೆತ್ತಬೇಕು. ಇನ್ನೊಬ್ಬ ಆಟಗಾರನು ಚೆಂಡನ್ನು ಮುಟ್ಟುವವರೆಗೆ, ಇಲ್ಲವೆ ನೇರವಾಗಿ ಗೋಲಾಗದೆಂದು ಸ್ಪಷ್ಟವಾಗುವವರೆಗೆ ಇಳಿಸಬಾರದು. ಯಾರ ಸ್ಪರ್ಶವೂ ಇಲ್ಲದೆ ಅದು ಎದುರಾಳಿಯ ಗೋಲನ್ನು ಹೊಕ್ಕರೆ ಗೋಲಲ್ಲ, ಗೋಲ್ ಕಿಕ್. ಎತ್ತಿದ ತೋಳೇ ಆತನಿಗೂ ಆಟಗಾರರಿಗೂ ನೆನಪಿನ ಗಂಟು. ಕಾಯಿಸುವುದಾದರೆ ಸೀಟಿಯನ್ನು ತೋರಿಸಿ, ‘ಸೀಟಿಯಾಗಲಿ’ ಎಂದು ಇಬ್ಬರಿಗೂ ಕೇಳುವಂತೆ ಹೇಳಿಬಿಡಬೇಕು.

ಬೆಂಗಳೂರಿನ ಆ ರಾತ್ರಿಯ ಗೋಲು ಊರ್ಜಿತವಾಯಿತು. ಪಂದ್ಯವು ಬೆಂಗಳೂರಿನ ಪಾಲಾಯಿತು. ಮೈದಾನ ಬಿಟ್ಟ ತಂಡಕ್ಕೆ ಅಖಿಲ ಭಾರತ ಫುಟ್‌ಬಾಲ್ ಸಂಸ್ಥೆಯ ಶಿಸ್ತು ಸಮಿತಿಯು 4 ಕೋಟಿ ರೂಪಾಯಿ ದಂಡವನ್ನೂ, ತರಬೇತುದಾರ ಇವಾನ್ ವುಕೊಮನೊವಿಚ್ ಅವರಿಗೆ ಹತ್ತು ಪಂದ್ಯಗಳ ನಿಷೇಧವನ್ನೂ ವಿಧಿಸಿತು.