ಚಿಪ್ಪಿನ ಹೊರಮೈ: ಮುತ್ತಿನ ಕೃಷಿಯಲ್ಲಿ ಅಂಟುಜೀವಿಗಳ ಚರಿತ್ರೆ

ಮುತ್ತಿನ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಚಿಪ್ಪಿನ ಒಳಗನ್ನೇ ನೋಡಿದ್ದಾರೆ. ಇಂದಿನ ಹಾವೇರಿ ಸೀಮೆಯನ್ನೂ ಆಳಿದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಹನ್ನೆರಡನೆಯ ಶತಮಾನದ್ದು. ರಾಜಭಂಡಾರದ ರತ್ನಗಳ ವಿಚಾರ ಬಂದಾಗ ಅದು ಮುತ್ತಿನ ಪರೀಕ್ಷೆಯನ್ನೂ ಹೇಳುತ್ತದೆ. ಭಂಡಾರಿಗೆ ಬೇಕಾದದ್ದು ಮಣಿಯ ಹೊಳಪು ಮತ್ತು ದುಂಡು. ಚಿಪ್ಪಿನ ಬೆನ್ನ ಮೇಲೆ ಏನು ಕೂತಿತ್ತೆಂಬುದು ಅವನಿಗೆ ಬೇಡದ ಮಾತು. ಮುತ್ತನ್ನು ಹೆಕ್ಕುವ ಕಾಲ ಹೋಗಿ ಬೆಳೆಯುವ ಕಾಲ ಬಂದ ಮೇಲೆ ಹೊರಮೈ ಲೆಕ್ಕಕ್ಕೆ ಬಂತು. ನೀರಿನಲ್ಲಿ ಇಳಿಬಿಟ್ಟ ಯಾವುದೇ ವಸ್ತುವಿನ ಮೇಲೆ ಜೀವಿಗಳು ಅಂಟಿ ಬೆಳೆಯುವುದಕ್ಕೆ ವಿಜ್ಞಾನಿಗಳು ‘ಬಯೋಫೌಲಿಂಗ್’ ಎನ್ನುತ್ತಾರೆ. ಮೊದಲು ಬ್ಯಾಕ್ಟೀರಿಯಾಗಳ ತೆಳು ಲೋಳೆ ಹರಡುತ್ತದೆ, ಸೂಕ್ಷ್ಮ ಪಾಚಿಗಳಾದ ಡಯಾಟಮ್‌ಗಳು ಸೇರಿಕೊಳ್ಳುತ್ತವೆ, ಆಮೇಲೆ ಅಂಟುಜೀವಿಗಳ ಈಜಾಡುವ ಮರಿಗಳು ಬಂದು ನೆಲೆ ಹಿಡಿಯುತ್ತವೆ.

ಈ ಕಾಟವನ್ನು ಮೊದಲು ಎದುರಿಸಿದವರು ಹಡಗಿನವರು. 1761ರಲ್ಲಿ ಬ್ರಿಟಿಷ್ ನೌಕಾಪಡೆ ‘ಅಲಾರ್ಮ್’ ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊಡೆಸಿತು. ಮರ ಕೊರೆಯುವ ಹುಳುವೂ ಪಾಚಿಯೂ ದೂರ ಉಳಿಯಲೆಂದು. ಅಲ್ಲಿಂದ ಮುಂದೆ ಹಡಗಿನ ತಳದ ಬಣ್ಣಗಳು ಬಹುಮಟ್ಟಿಗೆ ತಾಮ್ರವನ್ನೇ ನೆಚ್ಚಿಕೊಂಡವು. ಮುತ್ತಿನ ಸಿಂಪಿಗೆ ಈ ದಾರಿ ಇಲ್ಲ. ಹಡಗಿನ ತಳ ಸತ್ತ ಮರ ಅಥವಾ ಕಬ್ಬಿಣ; ಸಿಂಪಿಯ ಚಿಪ್ಪಿನೊಳಗೆ ಉಸಿರಾಡುವ ಪ್ರಾಣಿಯಿದೆ. ಅಂಟಿದ್ದನ್ನು ಕೊಲ್ಲುವ ವಿಷ ಅಂಟಿಸಿಕೊಂಡದ್ದನ್ನೂ ಕೊಲ್ಲುತ್ತದೆ. ಮುತ್ತಿನ ಕೃಷಿ ಇಂದಿಗೂ ಚಾಕು, ಬ್ರಷ್ಷು, ಕೈಕೆಲಸವನ್ನು ಬಿಡಲಾಗದಿರುವುದಕ್ಕೆ ಕಾರಣ ಇಷ್ಟೇ.

ಮನ್ನಾರ್ ಕೊಲ್ಲಿಯ ಸಿಂಪಿ ಹಾಸುಗಳು ಯಾಕೆ ಬರಿದಾಗುತ್ತವೆಂದು ತಿಳಿಯಲು ಸಿಲೋನ್ ಸರ್ಕಾರ ಕರೆಸಿದ್ದ ಪ್ರಾಣಿಶಾಸ್ತ್ರಜ್ಞ ಹರ್ಡ್‌ಮನ್, ಜೇಮ್ಸ್ ಹಾರ್ನೆಲ್ ಜೊತೆಗೂಡಿ ಮಾಡಿದ ಕೆಲಸದ ವರದಿ 1903ರಿಂದ 1906ರ ನಡುವೆ ಐದು ಸಂಪುಟಗಳಲ್ಲಿ ಹೊರಬಂತು. ಚಿಪ್ಪನ್ನು ಕೊರೆಯುವ ಒಂದು ಸ್ಪಂಜಿಗೆ ಪ್ರಾಣಿಶಾಸ್ತ್ರಜ್ಞ ಡೆಂಡಿ ‘ಕ್ಲಯೋನಾ ಮಾರ್ಗರಿಟಿಫೆರೆ’ ಎಂದು ಹೆಸರಿಟ್ಟದ್ದು 1905ರಲ್ಲಿ, ಅದೇ ವರದಿಯಲ್ಲಿ. ಆಗಿನ್ನೂ ಇದು ಪ್ರಾಣಿಶಾಸ್ತ್ರದ ಪಟ್ಟಿ. ಸಿಂಪಿ ಸಮುದ್ರತಳದಲ್ಲಿತ್ತು, ಅದನ್ನು ಉಜ್ಜಿ ತೊಳೆಯುವ ಜವಾಬ್ದಾರಿ ಯಾರಿಗೂ ಇರಲಿಲ್ಲ.

ಆ ಜವಾಬ್ದಾರಿ ನಮ್ಮಲ್ಲಿ ಹೆಗಲೇರಿದ್ದು ತೂತ್ತುಕುಡಿಗೆ ಹತ್ತಿರದ ವೆಪ್ಪಲೋಡೈಯಲ್ಲಿ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ 1972ರ ಕೊನೆಯಲ್ಲಿ ಅಲ್ಲಿ ಮುತ್ತಿನ ಕೃಷಿಯ ಪ್ರಯೋಗ ಶುರುಮಾಡಿತು. 1973ರ ಜುಲೈನಲ್ಲಿ ಕೆ. ಅಳಗರಸ್ವಾಮಿಯವರ ಕೈಯಲ್ಲಿ ದುಂಡು ಮುತ್ತು ಮೂಡಿತು. ಪತ್ರಿಕೆಗಳು ಬರೆಯುವುದು ಇಷ್ಟನ್ನೇ. ಅದೇ ಅಳಗರಸ್ವಾಮಿ ಮತ್ತು ಚೆಲ್ಲಂ 1976ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಬಂಧ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ವೆಪ್ಪಲೋಡೈ ತೋಟದ ಸಿಂಪಿಗಳಿಗೆ ಅಂಟುವ, ಕೊರೆಯುವ ಜೀವಿಗಳು ಮತ್ತು ಸಿಂಪಿಗಳ ಸಾವು ಅದರ ವಿಷಯ. ತೆಪ್ಪದಿಂದ ಇಳಿಬಿಟ್ಟ ಪಂಜರ ಸಿಂಪಿಯನ್ನು ತಳದ ಶತ್ರುಗಳಿಂದ ಕಾಪಾಡಿತು, ಆದರೆ ತೇಲಾಡುವ ಮರಿಗಳ ದಾರಿಗೇ ತಂದು ನಿಲ್ಲಿಸಿತು. ಬಾರ್ನಕಲ್, ಬ್ರಯೋಜೋವಾ, ಅಸಿಡಿಯನ್, ಬೇರೆ ಚಿಪ್ಪುಗಳ ಮರಿಗಳೆಲ್ಲ ಅಲ್ಲಿಗೆ ಬಂದವು.

ಬಾರ್ನಕಲ್‌ನ ಕೆಲಸವನ್ನು ಹತ್ತಿರದಿಂದ ನೋಡಬೇಕು. ಮರಿ ಜಾಗ ಹುಡುಕುತ್ತ ಚಿಪ್ಪಿನ ಮೇಲೆ ನಡೆದಾಡಿ, ಒಪ್ಪಿಗೆಯಾದ ಕಡೆ ತಲೆಯನ್ನೇ ಗೋಂದಿನಿಂದ ಅಂಟಿಸಿಕೊಂಡು ಸುತ್ತ ಸುಣ್ಣದ ಗೋಡೆ ಕಟ್ಟಿಕೊಳ್ಳುತ್ತದೆ. ಇಂಥವು ಚಿಪ್ಪಿನ ಅಂಚಿಗೆ ಕೂತರೆ ಎರಡು ಹೋಳು ಸರಿಯಾಗಿ ತೆರೆಯುವುದಿಲ್ಲ, ಮುಚ್ಚುವುದೂ ಇಲ್ಲ. ಪಂಜರದ ಕಣ್ಣು ಕಟ್ಟಿಕೊಂಡರೆ ನೀರಿನ ಓಡಾಟ ನಿಲ್ಲುತ್ತದೆ. ಒಳಗಿನ ಸಿಂಪಿಗೆ ಸೇರಬೇಕಾದ ಸೂಕ್ಷ್ಮ ಪಾಚಿಯನ್ನು ಹೊರಗಿನವೇ ಸೋಸಿ ತಿನ್ನುತ್ತವೆ. ಕೊರೆಯುವ ಜೀವಿಗಳ ಹಾನಿ ಇನ್ನೂ ಸೂಕ್ಷ್ಮ. ‘ಪಾಲಿಡೋರಾ’ ಹುಳುವೋ ಕ್ಲಯೋನಾ ಸ್ಪಂಜೋ ಹೊರಗಿನಿಂದ ತೂತು ಕೊರೆಯುತ್ತ ಬಂದರೆ, ಸಿಂಪಿ ಒಳಗಿನಿಂದ ಆ ಜಾಗಕ್ಕೆ ಹೊಳಪಿನ ಪದರ ಬಳಿದು ತೇಪೆ ಹಾಕುತ್ತದೆ. ರೈತ ಒಳಗಿಟ್ಟ ಬೀಜಮಣಿಯನ್ನು ಸುತ್ತಿ ಮುತ್ತಾಗಬೇಕಾದದ್ದೂ ಅಂಥದೇ ಪದರ! ರೈತ ಮುತ್ತಿಗೆಂದು ಕಾಯುತ್ತಿರುವಾಗ ಸಿಂಪಿ ಮನೆ ರಿಪೇರಿಯಲ್ಲಿ ತೊಡಗಿರುತ್ತದೆ.

ಹುಳುವಿಗೆ ತೂತ್ತುಕುಡಿಯಲ್ಲಿ ಬಳಕೆಗೆ ಬಂದ ಮದ್ದು ಸಿಹಿನೀರು. ಸಿಂಪಿಗಳನ್ನು ಕೆಲವು ಗಂಟೆ ಸಿಹಿನೀರಿನಲ್ಲಿಟ್ಟರೆ ಅವು ಚಿಪ್ಪು ಬಿಗಿದು ತಾಳಿಕೊಳ್ಳುತ್ತವೆ. ಮುಚ್ಚಿಕೊಳ್ಳಲು ಬಾಗಿಲಿಲ್ಲದ ಹುಳು ಸಾಯುತ್ತದೆ. ಬಾರ್ನಕಲ್ ಮಾತ್ರ ತಾನೂ ಬಾಗಿಲು ಹಾಕಿಕೊಳ್ಳುವ ಪ್ರಾಣಿ. ಅದಕ್ಕೆ ಚಾಕುವೇ ಗತಿ. 1987ರಲ್ಲಿ ಸಂಸ್ಥೆ ಹೊರತಂದ ಮುತ್ತಿನ ಕೃಷಿಯ ಬುಲೆಟಿನ್ನಿನಲ್ಲಿ ಧರ್ಮರಾಜ್, ಚೆಲ್ಲಂ, ವೇಲಾಯುಧನ್ ಅಂಟುವ, ಕೊರೆಯುವ, ತಿನ್ನುವ ಜೀವಿಗಳಿಗೆಂದೇ ಒಂದು ಅಧ್ಯಾಯ ಬರೆದರು.

ಸಮುದ್ರವಿಲ್ಲದ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗೆ ಈ ಚರಿತ್ರೆ ಸಂಬಂಧಿಸುವುದು ಸಿಹಿನೀರಿನ ಮುತ್ತಿನ ಮೂಲಕ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಮೀನು ಕೃಷಿ ಸಂಸ್ಥೆ 1980ರ ದಶಕದ ಕೊನೆಯಲ್ಲಿ ಕೆ. ಜಾನಕಿರಾಮ್ ಅವರ ನೇತೃತ್ವದಲ್ಲಿ ‘ಲ್ಯಾಮೆಲ್ಲಿಡೆನ್ಸ್ ಮಾರ್ಜಿನಾಲಿಸ್’ ಮುಂತಾದ ಕಪ್ಪೆಚಿಪ್ಪುಗಳಲ್ಲಿ ಮುತ್ತು ಬೆಳೆಸುವ ವಿಧಾನ ರೂಪಿಸಿತು. ಬೀಜಮಣಿ ಇಡುವ ಶಸ್ತ್ರಚಿಕಿತ್ಸೆಯಾದ ಚಿಪ್ಪುಗಳನ್ನು ಎರಡೆರಡರಂತೆ ನೈಲಾನ್ ಚೀಲಕ್ಕೆ ಹಾಕಿ, ಬಿದಿರು ಅಥವಾ ಪಿವಿಸಿ ಪೈಪಿನಿಂದ ಸುಮಾರು ಒಂದು ಮೀಟರ್ ಆಳಕ್ಕೆ ಇಳಿಬಿಡುತ್ತಾರೆ. ಒಂದರಿಂದ ಒಂದೂವರೆ ವರ್ಷ ಕಾಯುತ್ತಾರೆ. ಸತ್ತವನ್ನು ತೆಗೆಯುವುದು, ಚೀಲ ತೊಳೆಯುವುದು ನಿರ್ವಹಣೆಯ ಪಟ್ಟಿಯಲ್ಲಿ ಇವೆ, ಆದರೆ ಪಟ್ಟಿಯ ತುದಿಯಲ್ಲಿ. ಮುತ್ತಿನ ಲಾಭ ಹೇಳುವ ಯೂಟ್ಯೂಬಿನವರಂತೂ ಅಲ್ಲಿಯವರೆಗೆ ಬರುವುದೇ ಇಲ್ಲ.

ಸಿಹಿನೀರಿನಲ್ಲಿ ಬಾರ್ನಕಲ್ ಇಲ್ಲ, ನಿಜ. ಅಂಟುವವರಿಲ್ಲವೆಂದು ಮಾತ್ರ ತಿಳಿಯಬಾರದು. ಕಲ್ಲು, ಕಟ್ಟಿಗೆ, ಚಿಪ್ಪುಗಳ ಮೇಲೆ ಬೆಳೆಯುವ ಸಿಹಿನೀರಿನ ಸ್ಪಂಜು, ಬ್ರಯೋಜೋವಾಗಳ ಬಗ್ಗೆ ಪ್ರಾಣಿಶಾಸ್ತ್ರಜ್ಞ ಅನ್ನಂಡೇಲ್ 1911ರಲ್ಲೇ ದೊಡ್ಡ ಗ್ರಂಥ ಬರೆದರು. ತುಂಗಭದ್ರೆಯ ಕಣಿವೆಗೇ ತನ್ನದೊಂದು ಅಂಟುಸಿಂಪಿಯಿದೆ: ಭದ್ರಾ ನದಿಯಿಂದ ಹೋದ ಮಾದರಿ ನೋಡಿ 1898ರಲ್ಲಿ ಎಡ್ಗರ್ ಸ್ಮಿತ್ ಹೆಸರಿಟ್ಟ, ಈಗ ‘ಸ್ಯೂಡೋಮುಲ್ಲೇರಿಯಾ ದಾಲಿ’ ಎಂದು ಕರೆಯುವ, ಬಂಡೆಗೆ ಸುಣ್ಣದಿಂದ ಕಚ್ಚಿಕೊಂಡೇ ಬಾಳುವ ಜೀವಿ. ಅದು ರಭಸದ ನೀರಿನದು, ಹೊಂಡಗಳಿಗೆ ತೊಂದರೆ ಕೊಡದು. ತೊಂದರೆ ಎಷ್ಟು ದೂರ ಹೋಗಬಲ್ಲದೆಂದು ತೋರಿಸಿದ್ದು ಉತ್ತರ ಅಮೆರಿಕಕ್ಕೆ ಬಂದ ಜೀಬ್ರಾ ಮಸ್ಸೆಲ್. 1988ರಲ್ಲಿ ಸೇಂಟ್ ಕ್ಲೇರ್ ಸರೋವರದಲ್ಲಿ ಕಂಡ ಈ ಪರದೇಶಿ ಚಿಪ್ಪು ಸ್ಥಳೀಯ ಕಪ್ಪೆಚಿಪ್ಪುಗಳ ಮೇಲೆ ರಾಶಿಬಿದ್ದು ಅವನ್ನು ಉಸಿರುಗಟ್ಟಿಸಿತು. ಜಪಾನಿನ ಮುತ್ತುಗಳೊಳಗಿನ ಬೀಜಮಣಿಗಳನ್ನು ಬಹುಕಾಲ ಕಡೆಯುತ್ತಿದ್ದದ್ದು ಅಮೆರಿಕದ ನದಿಗಳ ಇಂಥ ಸ್ಥಳೀಯ ಕಪ್ಪೆಚಿಪ್ಪುಗಳಿಂದಲೇ.

ನಮ್ಮ ಹೊಂಡಗಳ ಮುಖ್ಯ ಕಾಟ ಹಾವಸೆ. 2014ರಲ್ಲಿ ಶುರುವಾದ ಕೃಷಿಭಾಗ್ಯ ಯೋಜನೆಯ ಪ್ಲಾಸ್ಟಿಕ್ ಹಾಸಿನ ಹೊಂಡಗಳಲ್ಲಿ ಆಳ ಕಡಿಮೆ, ಬಿಸಿಲು ಹೆಚ್ಚು. ಕಪ್ಪೆಚಿಪ್ಪಿನ ಆಹಾರ ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿ; ಅದು ಬೆಳೆಯಲೆಂದೇ ಸಗಣಿ, ಗೊಬ್ಬರ ಹಾಕುತ್ತಾರೆ. ಅದೇ ಗೊಬ್ಬರ ಉಂಡು ನೂಲುಹಾವಸೆ ಚೀಲದ ಕಣ್ಣು ಮುಚ್ಚುತ್ತದೆ. ಮಾರ್ಚ್ ಬಂದು ನೀರು ಇಳಿದರೆ ಮೀಟರ್ ಆಳದ ಚೀಲ ಮೊಣಕಾಲು ನೀರಿಗೆ ಬರುತ್ತದೆ. ಆಗ ತೊಳೆಯುವುದಷ್ಟೇ ಸಾಲದು, ಚೀಲವನ್ನು ಹೊಂಡದ ಆಳದ ಮಗ್ಗುಲಿಗೆ ಸರಿಸಬೇಕು.

ತಾಮ್ರದ ಮಾತು ಮತ್ತೆ ಬರುವುದು ಇಲ್ಲೇ. ಮೆಣಸಿನಕಾಯಿ, ಅಡಿಕೆ, ವೀಳ್ಯದೆಲೆ ಬೆಳೆಯುವ ಈ ಸೀಮೆಯಲ್ಲಿ ತಾಮ್ರದ ಉಪ್ಪಾದ ಮೈಲುತುತ್ತ ಗೊತ್ತಿಲ್ಲದ ರೈತನಿಲ್ಲ. ಹಾವಸೆಗೆ ಒಂದು ಹಿಡಿ ಎರಚೋಣವೆಂದು ಅನ್ನಿಸುವುದು ಸಹಜ, ಹಾವಸೆ ಸಾಯುವುದೂ ಖರೆ. ಆದರೆ ಕಪ್ಪೆಚಿಪ್ಪುಗಳು, ಅದರಲ್ಲೂ ಮರಿಗಳು, ತಾಮ್ರವನ್ನು ತೀರ ತಾಳಲಾರದ ಜಲಚರಗಳ ಸಾಲಿನವು. ಮೆಣಸಿನ ಹೊಲದ ತಾಮ್ರ ಹೊತ್ತು ಹರಿದ ಮಳೆನೀರು ಹೊಂಡಕ್ಕೆ ಸೇರುವಂತಿದ್ದರೆ ಬೇರೆ ಎರಚುವ ಅಗತ್ಯವೂ ಇಲ್ಲ. ಚಿಪ್ಪಿಗೆಂದು ಹೊಂಡ ಆರಿಸುವವರು ನೀರಿನ ಆಳಕ್ಕಿಂತ ಮೊದಲು ಅದಕ್ಕೆ ಯಾವ ಹೊಲದ ನೀರು ಬರುತ್ತದೆಂದು ನೋಡಬೇಕು. ವರದಾ, ಕುಮುದ್ವತಿ ನದಿಗಳಿಂದ ತಂದ ಚಿಪ್ಪುಗಳನ್ನು ಬ್ರಷ್ಷಿನಿಂದ ಉಜ್ಜಿ, ಆ ನೀರನ್ನು ದೂರ ಚೆಲ್ಲಿದ ಮೇಲೆ ಹೊಂಡಕ್ಕೆ ಬಿಡಬೇಕು.